ಎದುರು ಮಾತಾಡದ ಹೆಜ್ಜಾರ್ಲೆ

ಹಕ್ಕಿಗಿಂತ ಮೊದಲು ನಾನು ಬರೆದದ್ದು ಮರವನ್ನು. ಹಳೇ ಹುಣಸೆಮರ, ಅದರ ಮಗ್ಗುಲಲ್ಲೊಂದು ನಾಡಹೆಂಚಿನ ಮನೆ, ಮನೆಯ ಮುಂದೆ ಜಗಲಿ. ಮರದ ನೆತ್ತಿಯ ತುಂಬ ಕಡ್ಡಿಗೂಡುಗಳು. ಗೂಡಿನಲ್ಲಿ ಯಾರಿದ್ದಾರೆ, ಜಗಲಿಯ ಮೇಲೆ ಯಾರು ಕೂತಿದ್ದಾರೆ ಎಂಬುದು ಆಗ ನನಗೇ ಗೊತ್ತಿರಲಿಲ್ಲ. 'ಹುಣಸೆಮರದ ಮನೆ' ಎಂಬ ನನ್ನ ವೆಬ್ ಕಾಮಿಕ್‌ನಲ್ಲಿ ಇವತ್ತು ಇರುವವರೆಲ್ಲ, ಚಿಕ್ಕತಾಯಮ್ಮ, ಅವಳ ಹೆಜ್ಜಾರ್ಲೆ, ಗೂಡಿನಿಂದ ಬಿದ್ದ ಮರಿ ಕೂಗುಮಾರಿ, ಪಕ್ಕದ ಮನೆಯ ಬೋರಣ್ಣ, ಆ ಮರದಿಂದಲೇ ಒಬ್ಬೊಬ್ಬರಾಗಿ ಇಳಿದು ಬಂದರು. ಅವರು ಬಂದ ಬಗೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಆಸೆ.

ಮರ ಮಾತ್ರ ನಿಜವಾದದ್ದು. ಅದು ಇರುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ನನ್ನ ದೊಡ್ಡಜ್ಜಿಯ ಮನೆಯ ಪಕ್ಕ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಒಳಗೆ ಹೋದರೆ, ಶಿಂಷಾ ನದಿಯ ಆಸುಪಾಸಿನಲ್ಲಿ ಈ ಊರು ಸಿಗುತ್ತದೆ. ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿಗೆ ಬಂದು, ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಮರಿ ಮಾಡಿಕೊಂಡು ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಕಾಡಿಲ್ಲ, ಬೇಲಿಯಿಲ್ಲ, ಮನೆ ಮೇಲೆಯೇ ಗೂಡು. ಹೊರಗಿನ ಜಗತ್ತಿಗೆ ಈ ಊರನ್ನು 1976ರಲ್ಲಿ ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಊರಿನವರಿಗೆ ಇದ್ಯಾವುದೂ ಹೊಸ ವಿಷಯವಾಗಿರಲಿಲ್ಲ. ಹಿಂದೆ ಪ್ಲೇಗು ಬಂದು ಊರು ಜಾಗ ಬದಲಾಯಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಅವರು ಹೇಳುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅವುಗಳನ್ನು ನೋಡಿಕೊಳ್ಳುತ್ತಾರೆ. ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋಗುವಷ್ಟರಲ್ಲಿ ಮರಿಗಳು ದೊಡ್ಡವಾಗಿ ಊರೆಲ್ಲ ಅವುಗಳದೇ ಕಿರುಚಾಟ. ವಾಸನೆಯೂ ಹಾಗೆಯೇ. ಮೀನು, ಹಿಕ್ಕೆ, ಬಿಸಿಲು ಮೂರೂ ಬೆರೆತ ಆ ಘಾಟು ಈಗಲೂ ನನಗೆ ರಜೆಯ ವಾಸನೆ.

ಮನೆಯೊಳಗೆ ಓದಲು ಸಿಗುತ್ತಿದ್ದದ್ದು ದೊಡ್ಡಮ್ಮನ ಮಗ ಕೂಡಿಟ್ಟ ಬಾಲಮಂಗಳ, ಚಂದಮಾಮ, ಅಂಚು ಹರಿದ ಅಮರ ಚಿತ್ರ ಕಥೆಗಳು. ಅಮರ ಚಿತ್ರ ಕಥೆಯ ಆರಂಭದ ಪುಸ್ತಕಗಳು 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿಯೇ ಬಂದಿದ್ದವು, ಅನಂತ ಪೈ ಅವರ ಇಂಗ್ಲಿಷ್ ಮಾಲಿಕೆ ಅವುಗಳ ನಂತರದ್ದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದಾಗ ಬಹಳ ಸಂತೋಷವಾಯಿತು. ಕನ್ನಡದಲ್ಲಿ ಚಿತ್ರಕಥೆ ಮಾಡುತ್ತೇನೆಂದರೆ ಯಾರು ಓದುತ್ತಾರೆ ಎಂದು ಕೇಳುವವರ ಎದುರು ಹಿಡಿದು ನಿಲ್ಲಲು ನನಗೊಂದು ಆಸರೆ ಸಿಕ್ಕಿತ್ತು. ಮಗುವಾಗಿದ್ದಾಗ ಮಾತ್ರ ಇಷ್ಟು ಗೊತ್ತಿತ್ತು: ಪುಸ್ತಕದೊಳಗಿನ ಪ್ರಾಣಿಗಳು ಮಾತಾಡುತ್ತವೆ. ಬಾಲಮಂಗಳದ ಡಿಂಗನೂ ಮಾತಾಡುತ್ತಾನೆ, ಚಂದಮಾಮದ ಬೇತಾಳವೂ ಮಾತಾಡುತ್ತದೆ. ಕತ್ತೆತ್ತಿ ನೋಡಿದರೆ ಮರದ ಮೇಲಿನವು ಮಾತಾಡುತ್ತಿರಲಿಲ್ಲ.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಮೇಲೆ ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಹಿನ್ನೆಲೆ ಚಿತ್ರಗಳು. ಯಾರದೋ ದೇಶದ ಕಾಡು, ಯಾರದೋ ಊರಿನ ಬೀದಿ. ಪಾತ್ರಗಳನ್ನು ಬೇರೆಯವರು ಬರೆಯುತ್ತಿದ್ದರು. ಅವು ಬಂದು ನಿಲ್ಲಲು ಜಾಗ ಮಾಡಿಕೊಡುವುದು ನನ್ನ ಕೆಲಸ. ನಾನು ಮರದಿಂದ ಶುರು ಮಾಡಲು ಬಹುಶಃ ಆ ಅಭ್ಯಾಸವೇ ಕಾರಣ. ರಾತ್ರಿ ಕೋಣೆಗೆ ಬಂದು ಹುಣಸೆಮರ ಬರೆಯುತ್ತ ಕೂರುತ್ತಿದ್ದೆ. ಸೆಕೆಂಡ್‌ಹ್ಯಾಂಡ್ ಪೆನ್ ಟ್ಯಾಬ್ಲೆಟ್ ಒಂದು, ದುಡ್ಡು ಕೊಡಬೇಕಿಲ್ಲದ ಕ್ರಿತಾ ಎಂಬ ಸಾಫ್ಟ್‌ವೇರ್ ಇನ್ನೊಂದು. ಇಷ್ಟೇ ಬಂಡವಾಳ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಆ ವರ್ಷದ ಕೊನೆಯಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ಕೂತವರ ಕೈಯಲ್ಲೆಲ್ಲ ಫೋನು, ಫೋನಿನಲ್ಲೆಲ್ಲ ವಿಡಿಯೊ. ನನ್ನ ಚಿತ್ರಗಳನ್ನು ಯಾವ ಪತ್ರಿಕೆಗೆ ಕಳಿಸುವುದು ಎಂಬ ಯೋಚನೆ ಅಲ್ಲಿಗೆ ಬಿಟ್ಟುಹೋಯಿತು. ಇವರ ಅಂಗೈಗೇ ಹೋಗಬೇಕು. ಹಾಗೆ ತೀರ್ಮಾನ ಮಾಡಿದ ಕೂಡಲೇ ಎರಡು ತೊಡಕು ಎದುರಾದವು, ಅವೆರಡೂ ನನ್ನ ಪಾತ್ರಗಳನ್ನು ತಿದ್ದಿದವು.

ಮೊದಲನೆಯದು ಅಕ್ಷರ. ನನ್ನಲ್ಲಿದ್ದ ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕಿತ್ತು ಪಕ್ಕಕ್ಕೆ ಬೀಳುತ್ತಿತ್ತು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಕೆಲಸವೇನೋ ಆಗುತ್ತಿತ್ತು, ಆದರೆ ಚಿಕ್ಕತಾಯಮ್ಮನ ಮಾತು ಮದುವೆ ಕರೆಯೋಲೆಯ ಅಕ್ಷರದಲ್ಲಿ ಕಂಡರೆ ನನಗೆ ಸಂಕಟ. ಕೈಯಲ್ಲೇ ಬರೆಯತೊಡಗಿದೆ. ಬರೆದಾಗ ಗೊತ್ತಾಯಿತು, ಕನ್ನಡದ ಸಾಲಿಗೆ ಕೆಳಗೊಂದು ಅಂತಸ್ತು ಬೇಕು. ಒತ್ತುಗಳಿಗೆ ಜಾಗ ಬಿಟ್ಟು ಮೂರು ಸಾಲು ಬರೆಯುವಷ್ಟರಲ್ಲಿ ಮಾತಿನ ಬಲೂನು ಫೋನಿನ ಅರ್ಧ ಪರದೆ ನುಂಗುತ್ತದೆ. ಪುಸ್ತಕದ ಭಾಷೆಯ ವಾಕ್ಯ ಅಲ್ಲಿ ಹಿಡಿಸುವುದೇ ಇಲ್ಲ. ದೊಡ್ಡಜ್ಜಿ ಮಾತಾಡುವಂತೆ ಬರೆದರೆ ಹಿಡಿಸುತ್ತದೆ. "ಬಂದ್ಯಾ ಕೂಸೇ? ಯಾಕವ್ವಾ ಇಷ್ಟ್ ತಡ?" ಇಷ್ಟರಲ್ಲಿ ಒಂದು ವರ್ಷದ ಕಾಯುವಿಕೆ, ಸಿಟ್ಟು, ಅಕ್ಕರೆ ಎಲ್ಲ ಮುಗಿಯಿತು. ಹೀಗೆ ಚಿಕ್ಕತಾಯಮ್ಮನಿಗೆ ಮುಖ ಬರುವ ಮೊದಲೇ ದನಿ ಬಂತು. ಮುಖ ಬೇಕಾದಾಗ ಆ ದನಿ ಯಾರದೋ ಅವರದನ್ನೇ ಬರೆದೆ: ಕಿವಿಯ ತೂತು ಜಗ್ಗಿದ, ಎಲೆಯಡಿಕೆ ದವಡೆಗಿಟ್ಟು ಒಂದು ಕೆನ್ನೆ ಉಬ್ಬಿದ ನಮ್ಮ ದೊಡ್ಡಜ್ಜಿ.

ಎರಡನೆಯ ತೊಡಕು ಕೊಕ್ಕು. ಹೆಜ್ಜಾರ್ಲೆಯ ಕೊಕ್ಕು ಸುಮಾರು ಒಂದಡಿ ಉದ್ದ, ಕೆಳಗೆ ಜೋತುಬಿದ್ದ ಚೀಲ ಬೇರೆ. ನಿಂತ ಹಕ್ಕಿಯನ್ನು ಪಕ್ಕದಿಂದ ಬರೆದರೆ ಫೋನಿನ ಅಗಲವನ್ನೆಲ್ಲ ಕೊಕ್ಕೇ ಹಿಡಿಯುತ್ತದೆ. ಹಕ್ಕಿ ಚಿಕ್ಕದಾಗಿ ಮೂಲೆಗೆ ಸರಿಯುತ್ತದೆ. ನಾನು ಊರಿಗೆ ಹೋಗಿ ಮಾಳಿಗೆಯ ಮೇಲೆ ಕೂತು ನೋಡಿ ನೋಡಿ ಬರೆದೆ. ವಿಶ್ರಾಂತಿಯಲ್ಲಿರುವಾಗ ಅದು ಕತ್ತನ್ನು ಹಿಂದಕ್ಕೆಳೆದು, ಕೊಕ್ಕನ್ನು ಕತ್ತಿಗೂ ಎದೆಗೂ ಒತ್ತಿಕೊಂಡು ಕೂರುತ್ತದೆ. ಆ ಭಂಗಿಯಲ್ಲಿ ಬರೆದಾಗ ಪರದೆಯ ಕಿರಿದಾದ ಚೌಕದಲ್ಲಿ ಹಕ್ಕಿ ಪೂರ್ತಿಯಾಗಿ ಕೂತಿತು. ಜೊತೆಗೆ ನಾನು ಎಣಿಸದ ಇನ್ನೊಂದು ಸಂಗತಿಯೂ ನಡೆಯಿತು. ತಲೆ ತಗ್ಗಿಸಿದ ಆ ಹಕ್ಕಿ, ಕೆಳಗಿನ ಜಗಲಿಯಿಂದ ಬರುವ ಮಾತನ್ನು ಗಮನವಿಟ್ಟು ಕೇಳುತ್ತಿರುವ ಮಗಳಾಗಿ ಕಂಡಿತು.

ಆಗಲೂ ಅದು ಮಾತಾಡುತ್ತಿತ್ತು. ಮೊದಲ ಕೆಲವು ಕಂತುಗಳಲ್ಲಿ ಅಜ್ಜಿ ಒಂದು ಹೇಳಿದರೆ ಹಕ್ಕಿ ಎರಡು ಹೇಳುತ್ತಿತ್ತು. ಪ್ರಾಣಿಗಳಿಗೆ ಮಾತು ಕೊಡುವುದು ನಮಗೇನು ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ ಕಾಲದಿಂದ, ಅದಕ್ಕೂ ಮುಂಚಿನಿಂದ, ನರಿಯೂ ಎತ್ತೂ ನಮ್ಮ ಜೊತೆ ಮಾತಾಡಿಕೊಂಡೇ ಬಂದಿವೆ. ನನ್ನ ಕಾಲದಲ್ಲೂ ರೋಹನ್ ಚಕ್ರವರ್ತಿಯವರು 2010ರಿಂದ 'ಗ್ರೀನ್ ಹ್ಯೂಮರ್'ನಲ್ಲಿ ಕಾಡುಪ್ರಾಣಿಗಳ ಬಾಯಲ್ಲಿ ಎಂಥ ಗಟ್ಟಿ ವಿಜ್ಞಾನವನ್ನು ಹೇಳಿಸುತ್ತಿದ್ದಾರೆ! ಅದನ್ನು ಓದಿ ಬೆಳೆದ ನಾನು ಹೆಜ್ಜಾರ್ಲೆಯ ಬಾಯಲ್ಲೂ ಕೆರೆ ಬತ್ತಿದ ಕಥೆ, ಮೀನು ಕಡಿಮೆಯಾದ ಕಥೆ ಹೇಳಿಸುತ್ತಿದ್ದೆ.

ದೊಡ್ಡಜ್ಜಿಗೆ ಓದು ಬರುತ್ತಿರಲಿಲ್ಲ. ದೊಡ್ಡಮ್ಮನ ಮಗ ಫೋನು ಹಿಡಿದು ಒಂದೊಂದೇ ಚೌಕ ತೋರಿಸಿ ಓದಿ ಹೇಳಿದ. ಅಜ್ಜಿಯ ಮಾತು ಬಂದಾಗ ಅವರು ನಕ್ಕರು, "ನನ್ನಂಗೇ ಮಾತಾಡ್ತಾಳಲ್ಲ ಇವ್ಳು" ಅಂದರು. ಹಕ್ಕಿಯ ಮಾತು ಬಂದಾಗ ಕೈ ಎತ್ತಿ ಓದುವುದನ್ನು ನಿಲ್ಲಿಸಿದರು.

"ಇದ್ಯಾಕವ್ವಾ ಮಾತಾಡ್ತದೆ?"

ಕಥೆಗೆ ಹಾಗೆ ಬೇಕಾಗುತ್ತದೆ ಅಜ್ಜಿ ಅಂದೆ.

"ಈ ಮನೇಲಿ ಎದುರು ಮಾತಾಡ್ದೆ ನನ್ನ ಮಾತ್ ಕೇಳೋದು ಅದೊಂದೇ ಕಣವ್ವ. ಅದ್ಕೂ ಬಾಯಿ ಕೊಟ್ಬುಟ್ಯಾ? ಅದು ಮಧ್ಯ ಮಾತಾಡೋದಾದ್ರೆ ನಾನ್ಯಾಕೆ ಅದ್ರ ತಾವು ಹೇಳ್ಕಳ್ಳಿ?"

ಅಷ್ಟು ಹೇಳಿ ಅವರು ಸೊಪ್ಪು ಸೋಸುವುದಕ್ಕೆ ಎದ್ದರು. ನಾನು ಆ ರಾತ್ರಿ ಮಾಳಿಗೆಯ ಮೇಲೆ ಬಹಳ ಹೊತ್ತು ಕೂತಿದ್ದೆ. ದೊಡ್ಡ ಹೆಜ್ಜಾರ್ಲೆಗಳು ನಿಜಕ್ಕೂ ಹೆಚ್ಚು ದನಿ ಮಾಡುವುದಿಲ್ಲ. ಗೂಡಿನ ಹತ್ತಿರ ಸ್ವಲ್ಪ ಗೊರಕ್ಕೆನ್ನುತ್ತವೆ, ಕೊಕ್ಕು ಬಡಿಯುತ್ತವೆ, ಅಷ್ಟೇ. ಗದ್ದಲವೆಲ್ಲ ಮರಿಗಳದು. ಚಿಕ್ಕಂದಿನಿಂದ ಕಂಡಿದ್ದೂ ಇದೇ. ಆಗ ನೆನಪಾದದ್ದು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. 1951ರಿಂದ ದಶಕಗಳ ಕಾಲ ದಿನವೂ ಪತ್ರಿಕೆಯಲ್ಲಿ ನಿಂತ ಆ ಚೌಕಳಿ ಕೋಟಿನ ಮನುಷ್ಯ ಒಂದು ಮಾತೂ ಆಡಲಿಲ್ಲ. ಸುತ್ತ ಮಂತ್ರಿಗಳು, ಅಧಿಕಾರಿಗಳು, ಹೆಂಡತಿ, ಎಲ್ಲರೂ ಆಡುತ್ತಾರೆ. ಇವನು ನಿಂತು ನೋಡುತ್ತಾನೆ. ಅವನು ನಿಂತಿದ್ದಾನೆಂಬ ಕಾರಣಕ್ಕೇ ಉಳಿದವರ ಮಾತಿಗೆ ತೂಕ ಬರುತ್ತದೆ.

ಹೆಜ್ಜಾರ್ಲೆಯ ಬಲೂನುಗಳನ್ನೆಲ್ಲ ಅಳಿಸಿದೆ. ಅಲ್ಲಿಂದಾಚೆಗೆ ಅದು ಒಂದು ಅಕ್ಷರವನ್ನೂ ಉಚ್ಚರಿಸಿಲ್ಲ, ಮನಸ್ಸಿನೊಳಗೆ ಯೋಚಿಸುವ ಮೋಡದಾಕಾರದ ಬಲೂನೂ ಅದಕ್ಕಿಲ್ಲ. ಅದು ಏನು ಯೋಚಿಸುತ್ತದೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸಲಾರೆ. ಅದಕ್ಕೆ ಕತ್ತಿದೆ, ಕೊಕ್ಕಿದೆ, ರೆಕ್ಕೆಯಿದೆ. ಅಜ್ಜಿ ಸೊಸೆಯ ಮೇಲೆ ದೂರು ಹೇಳುವಾಗ ಹಕ್ಕಿ ಬೆನ್ನಿನ ಗರಿ ಸರಿ ಮಾಡಿಕೊಳ್ಳುತ್ತದೆ. ಸತ್ತ ಗಂಡನ ಸುದ್ದಿ ತೆಗೆದಾಗ ಆಕಳಿಸಿದಂತೆ ಕೊಕ್ಕು ತೆರೆದು ಚೀಲವನ್ನು ಹಿಗ್ಗಿಸುತ್ತದೆ. ಹೆಜ್ಜಾರ್ಲೆ ದಿನವೂ ಮಾಡುವ ಕೆಲಸವೇ ಇವು. ಅಜ್ಜಿ ಮಾತ್ರ ಒಂದೊಂದನ್ನೂ ಉತ್ತರವೆಂದು ತಿಳಿಯುತ್ತಾಳೆ. ಗಂಡು ಹೆಣ್ಣು ನೋಡಲು ಒಂದೇ ಥರ, ಸರದಿಯ ಮೇಲೆ ಕಾವು ಕೂರುತ್ತವೆ ಎಂದು ಅವಳಿಗೆ ತಿಳಿದ ದಿನ ಅವಳಾಡಿದ್ದು: "ಅಳೀಮಯ್ಯ ಅಂದ್ರೆ ಇಂಗಿರ್ಬೇಕು. ನಮ್ಮನೇಗೂ ಬಂದವ್ನೆ ಒಬ್ಬ!" ಮೇಲೆ ಕೂತದ್ದು ಗರಿ ಕೊಡವುತ್ತದೆ. ಮಾತು ಕಿತ್ತ ಮೇಲೆ ನನ್ನ ಹಕ್ಕಿಗೆ ಜೀವ ಬಂತು, ಅಜ್ಜಿಗೂ ಬಂತು.

ಇನ್ನು ಮರಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿಯೇ, ಅದು ಬೀಳುವ ಪರದೆಯಿಂದ ಶುರುಮಾಡಿ ಹೇಳಬೇಕು.

ಸ್ಕಾಟ್ ಮೆಕ್‌ಕ್ಲೌಡ್ ಎಂಬ ಅಮೆರಿಕದ ಚಿತ್ರಕಾರ 2000ದಲ್ಲಿ ಬಂದ ಪುಸ್ತಕವೊಂದರಲ್ಲಿ, ಕಂಪ್ಯೂಟರಿನ ಪರದೆಯನ್ನು ಪುಟವೆಂದು ತಿಳಿಯಬೇಡಿ, ಅದು ಕಿಟಕಿ, ಅದರಾಚೆಗಿನ ಹಾಳೆಗೆ ಕೊನೆಯಿಲ್ಲ ಎಂಬ ವಿಚಾರವನ್ನು ಮುಂದಿಟ್ಟರು. ಕೊರಿಯಾದವರು ಅದನ್ನು ತಮ್ಮದೇ ರೀತಿಯಲ್ಲಿ ಬಳಕೆಗೆ ತಂದರು. ನೇವರ್ ಕಂಪನಿ 2004ರಲ್ಲಿ ಶುರುಮಾಡಿದ ವೆಬ್‌ಟೂನ್‌ಗಳು ಮೇಲಿನಿಂದ ಕೆಳಕ್ಕೆ ಬೆರಳು ಸರಿಸುತ್ತ ಓದುವ ರೂಢಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವು. ನನಗೆ ಆ ರೂಪ ಕೈಗೆ ಸಿಕ್ಕಿದಾಗ ಒಂದು ನಿಮಿಷವೂ ಯೋಚಿಸಲಿಲ್ಲ. ನನ್ನ ಹತ್ತಿರ ಮೊದಲೇ ಒಂದು ಮರವಿತ್ತು! ನೆತ್ತಿಯಲ್ಲಿ ಗೂಡು, ಬುಡದಲ್ಲಿ ಜಗಲಿ, ನಡುವೆ ಓದುಗರ ಹೆಬ್ಬೆರಳು. ಪ್ರತಿ ಕಂತೂ ಮೇಲೆ ಹಕ್ಕಿಯಿಂದ ಶುರುವಾಗಿ ಕೊಂಬೆ ಕೊಂಬೆ ಇಳಿದು ಅಜ್ಜಿಯಲ್ಲಿಗೆ ಬಂದು ಮುಟ್ಟುತ್ತದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಗಾಳಿ ಬೀಸಿದಾಗ, ಗೂಡಿನಲ್ಲಿ ತಳ್ಳಾಟವಾದಾಗ ಮರಿಗಳು ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ಇಳಿದು ಬಂದು ಸಾಕುವುದಿಲ್ಲ. ತೊಂಬತ್ತರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ಹಾರಲು ಬಂದ ಮೇಲೆ ಬಿಟ್ಟುಬಿಡುವ ಕೆಲಸ ಅವರದು. ಆ ಹುಡುಗರನ್ನು ನೋಡಿಕೊಂಡೇ ನಾನು ದೊಡ್ಡವಳಾದೆ. ಅವರಿಗೆ ನನ್ನ ಕಾಮಿಕ್‌ನಲ್ಲಿ ಒಂದು ಜಾಗ ಇರಲೇಬೇಕಿತ್ತು, ಅದಕ್ಕೆ ಮರಿಯೊಂದು ಬೀಳಬೇಕಿತ್ತು.

ಆ ಕಂತನ್ನು ನಾನು ಉದ್ದಕ್ಕೆ, ಎಲ್ಲೂ ಚೌಕ ಕತ್ತರಿಸದೆ ಬರೆದೆ. ಮೇಲೆ ಗೂಡಿನ ಅಂಚು, ಮುರಿದ ಕಡ್ಡಿ. ಆಮೇಲೆ ಬರಿ ಆಕಾಶ. ಹೆಬ್ಬೆರಳು ಸರಿಸಿದಷ್ಟೂ ಆಕಾಶ. ಅಲ್ಲೊಂದು ಎಲೆ, ಇಲ್ಲೊಂದು ಬಿಳಿ ತುಪ್ಪುಳ. ವಿದ್ಯುತ್ ತಂತಿ ದಾಟುತ್ತದೆ. ಒಣಹಾಕಿದ ಅಜ್ಜಿಯ ಸೀರೆ ದಾಟುತ್ತದೆ. ಹೆಂಚಿನ ಸೂರು ದಾಟುತ್ತದೆ. ಮರಿ ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಅದು ನಮಗಿಂತ ಮುಂದೆ ಬೀಳುತ್ತಿದೆ. ಓದುವವರು ಬೆರಳಿನಿಂದ ಅದರ ಹಿಂದೆ ಓಡುತ್ತಿದ್ದಾರೆ. ಎಲ್ಲಿ ಬೀಳಿಸುವುದು ಎಂಬ ಪ್ರಶ್ನೆಗೆ ಊರೇ ಉತ್ತರ ಕೊಟ್ಟಿತು. ಅಲ್ಲಿ ಮರದ ಬುಡಕ್ಕೆ ಕೆರೆಯ ಗೋಡುಮಣ್ಣು ತಂದು ಹರಡುತ್ತಾರೆ. ಹಕ್ಕಿಗಳ ಹಿಕ್ಕೆ ಅದರ ಮೇಲೆ ಬಿದ್ದು ಬೆರೆತು ಒಳ್ಳೆ ಗೊಬ್ಬರವಾಗುತ್ತದೆ, ಮಳೆಗಾಲಕ್ಕೆ ಹೊಲ ಸೇರುತ್ತದೆ. ನನ್ನ ಮರಿ ಬಿದ್ದದ್ದು ಆ ಮೆತ್ತನೆ ಗೋಡಿನ ರಾಶಿಯ ಮೇಲೆ, ತನ್ನವರದೇ ಹಿಕ್ಕೆಯ ಮೇಲೆ. ಬಿದ್ದ ಮರುಗಳಿಗೆ ಬಾಯಿ ತೆರೆದು ಅರಚಿತು. ಚಿಕ್ಕತಾಯಮ್ಮ ಕಿವಿ ಮುಚ್ಚಿಕೊಂಡು, "ಅಯ್ಯೋ ಕೂಗುಮಾರಿ!" ಅಂದಳು. ಹೆಸರು ಅವಳಿಟ್ಟದ್ದು.

ಕೂಗುಮಾರಿಯನ್ನು ಬರೆಯುವುದು ಸಲೀಸು, ಸಂತೋಷ. ಅದರ ಅರಚಾಟ ನಿಜವಾದ ಮರಿಗಳದೇ, ಹಾಗಾಗಿ ಅದಕ್ಕೆ ಶಬ್ದ ಕೊಡಲು ನನಗೆ ಅಳುಕಿಲ್ಲ. ಅದು ಮೀನಿಗಾಗಿ ಅಜ್ಜಿಯ ಸೆರಗಿನೊಳಗೆ ತಲೆ ತೂರಿಸುತ್ತದೆ, ತಾಯಿಯ ಗಂಟಲೊಳಗೆ ತೂರಿಸುವಂತೆಯೇ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

2017ರ ಡಿಸೆಂಬರ್ ಹೊತ್ತಿಗೆ ಊರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಗೂಡಿನಿಂದ ಹೊರಟ ದೊಡ್ಡ ಹಕ್ಕಿಗಳೇ ದೊಪ್ಪನೆ ಬೀಳುತ್ತಿದ್ದವು. ಮುಂದಿನ ವರ್ಷದ ಬೇಸಿಗೆಯತನಕ ಸಾವು ನಿಲ್ಲಲಿಲ್ಲ. ಪರೀಕ್ಷೆ ಮಾಡಿದ ಪಶುವೈದ್ಯರಿಗೆ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಮೀನಿನಿಂದ ಬಂದ ಹುಳು, ಅಂದರೆ ನೀರಿನಿಂದ ಬಂದದ್ದು. ದೊಡ್ಡಜ್ಜಿ ಫೋನಿನಲ್ಲಿ ಅತ್ತರು. ಬೆಂಗಳೂರಿನ ಕೋಣೆಯಲ್ಲಿ ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ನಗಿಸುವ ಕಂತುಗಳು ಬರೆದು ಸಿದ್ಧವಾಗಿದ್ದವು, ಅವನ್ನು ಹೊರಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಕಥೆಯೊಳಗಿನ ಊರಿನಲ್ಲಿ ಏನೂ ಆಗದ ಹಾಗೆ ನಡೆದುಕೊಂಡರೆ ಆ ಮರಕ್ಕೆ ನಾನು ಮಾಡುವ ದ್ರೋಹ ಅನ್ನಿಸಿತು. ಅಜ್ಜಿಯ ಹೆಜ್ಜಾರ್ಲೆಯನ್ನು ಸಾಯಿಸಲಿಲ್ಲ. ಪಕ್ಕದ ಕೊಂಬೆಯ ಗೂಡನ್ನು ಖಾಲಿ ಮಾಡಿದೆ. ಚಿಕ್ಕತಾಯಮ್ಮ ಅಂಗಳದಲ್ಲಿ ಬಿದ್ದ ಹಕ್ಕಿಯ ಮೇಲೆ ತನ್ನ ಹಳೇ ಸೀರೆ ಹೊದಿಸುತ್ತಾಳೆ, ತಲೆ ಎತ್ತಿ ಮೇಲೆ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಅವಳಿಗೂ ಬಲೂನಿಲ್ಲದ ಕಂತು ಅದೊಂದೇ.

ಕೊನೆಗೆ ಬಂದವನು ಬೋರಣ್ಣ. ಎಲ್ಲರಿಗಿಂತ ಹೆಚ್ಚು ಕಾಡಿದವನೂ ಅವನೇ. ಇಂಥ ಕಥೆಗೆ ಮರ ಕಡಿಯಲು ಬರುವವನೊಬ್ಬ ಬೇಕೇ ಬೇಕು ಎಂದು ನನ್ನ ಸ್ಟುಡಿಯೋದ ಗೆಳೆಯರು ಹೇಳುತ್ತಿದ್ದರು. ದಪ್ಪ ಮೀಸೆ, ಕೈಯಲ್ಲಿ ಕೊಡಲಿ ಇಟ್ಟು ಒಬ್ಬನನ್ನು ಬರೆದೂ ಬರೆದೆ. ಆದರೆ ನಾನು ಕಂಡ ಮರದ ಮಾಲೀಕರಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಹುಣಸೆಮರವೆಂದರೆ ಮಂಡ್ಯದ ರೈತನಿಗೆ ವರ್ಷಕ್ಕೊಂದು ಸಲ ಕೈಗೆ ಬರುವ ಕಾಸು. ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಕಾಯಿ ಬಡಿಯುವಂತಿಲ್ಲ. ಬಡಿದರೂ ಹಿಕ್ಕೆ ಹತ್ತಿದ ಹಣ್ಣನ್ನು ಕೊಳ್ಳುವವರಿಲ್ಲ. ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಅದು ಆ ಬೆಳೆಯ ಬೆಲೆಗೆ ಸಮವೇ ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಹಾಗಿದ್ದೂ ಮರಗಳು ನಿಂತಿವೆ. ಅವು ನಿಂತಿರುವುದು ಅವರ ದುಡ್ಡಿನ ಮೇಲೆ. ಬಂದು ಫೋಟೊ ತೆಗೆದು ಹೋಗುವ ನಮ್ಮಂಥವರು ಇದನ್ನು ಮರೆಯಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಮೀಸೆ ತೆಗೆದೆ, ಕೊಡಲಿ ತೆಗೆದೆ. ಹೆಗಲಿಗೊಂದು ಟವೆಲ್ಲು ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಮರದ ಕೆಳಗೆ ಮೇಲೆ ನೋಡುತ್ತ ನಿಲ್ಲಿಸಿದೆ. ಏನು ನೋಡುತ್ತಿದ್ದಾನೆ? ಎಣಿಸುತ್ತಿದ್ದಾನೆ. ಈ ಕೊಂಬೆಯಲ್ಲಿ ಎಷ್ಟು ಗೂಡು, ಅಷ್ಟು ಹುಣಸೆ ಹೋಯಿತು. ಅದು ಹೊಳೆದ ಕ್ಷಣಕ್ಕೆ ಬೋರಣ್ಣ ನನಗೆ ಸಿಕ್ಕಿದ. ಊರಿನಲ್ಲಿ ಎಷ್ಟು ಗೂಡಿವೆ, ಯಾವುದರಲ್ಲಿ ಎಷ್ಟು ಮರಿ, ಯಾವುದು ನಿನ್ನೆ ಖಾಲಿಯಾಯಿತು ಎಂಬುದು ಹಕ್ಕಿಗಳನ್ನು ಬೈಯುವ ಈ ಮನುಷ್ಯನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಗಣತಿಗೆಂದು ಪಟ್ಟಣದಿಂದ ಬಂದ ಹುಡುಗರು ಬೈನಾಕ್ಯುಲರ್ ಹಿಡಿದು ಎಣಿಸಿ ತಪ್ಪಿದಾಗ ಅವನು ತಿದ್ದುತ್ತಾನೆ. ಕೂಗುಮಾರಿ ಬಿದ್ದ ದಿನ ಗೂಡಿನಲ್ಲಿ ಒಂದು ಮರಿ ಕಡಿಮೆಯಾಗಿದೆ ಎಂದು ಮೊದಲು ಹೇಳಿದವನೂ ಅವನೇ ಎಂದು ಹಳೆಯ ಕಂತಿಗೆ ಎರಡು ಚೌಕ ಸೇರಿಸಿದೆ.

ಈಗ ಬರೆಯುತ್ತಿರುವ ಕಂತುಗಳಲ್ಲಿ ಬೋರಣ್ಣನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ. ಮನೆಯಲ್ಲಿ ಬಾಣಂತಿ, ಹಸುಗೂಸು. ಕೋಣೆಯ ಕಿಟಕಿ ತೆರೆದರೆ ಮೀನಿನ ಘಾಟು, ಹಗಲು ರಾತ್ರಿ ಮರಿಗಳ ಅರಚಾಟ. ಕೂಸು ನಿದ್ದೆಯಿಂದ ಬೆಚ್ಚಿ ಅಳುತ್ತದೆ. ಮರ ತೆಗೆಸಲು ಅವನಿಗೆ ಇಷ್ಟು ದಿನ ಇದ್ದದ್ದು ದುಡ್ಡಿನ ಕಾರಣ, ಈಗ ಸೇರಿದ್ದು ಅದಕ್ಕಿಂತ ದೊಡ್ಡದು. ಚಿಕ್ಕತಾಯಮ್ಮ ಬೇಲಿಯಾಚೆಯಿಂದ ಕೇಳುತ್ತಾಳೆ: "ನಿನ್ ಮಗ್ಳನ್ನ ಬಾಣಂತನ ಮುಗ್ಯಕ್ಮುಂಚೆ ಯಾರಾನ ಹೊರಾಕ್ ಅಂದ್ರೆ ಹಾಕೀಯೇನ್ಲಾ ಬೋರ?" ಮುಂದಿನ ಕಂತಿನಲ್ಲಿ ಅವನು ಉತ್ತರ ಕೊಡಬೇಕು. ಮಾತು ಇನ್ನೂ ಬರೆದಿಲ್ಲ, ಬಲೂನಿನ ಗೆರೆ ಮಾತ್ರ ಎಳೆದಿದ್ದೇನೆ. ದೊಡ್ಡದಾಗಿಯೇ ಎಳೆದಿದ್ದೇನೆ, ಅವನಿಗೆ ಹೇಳುವುದು ಬಹಳ ಇದೆ.